ಎಸ್ಟೋನಿಯನ್ ಅಂದರೆ ಯಾರು?

ಇವತ್ತು ನಾನು ಮಾತಾಡುವುದು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ: ಎಸ್ಟೋನಿಯನ್. ಯಾವ ಡಿಕ್ಷನರಿ ತೆಗೆದರೂ ಮೂರು ಅರ್ಥ ಸಿಗುತ್ತವೆ. ಉತ್ತರ ಯುರೋಪಿನಲ್ಲಿ ಬಾಲ್ಟಿಕ್ ಕಡಲ ದಂಡೆಯ ಎಸ್ಟೋನಿಯಾ ದೇಶಕ್ಕೆ ಸಂಬಂಧಿಸಿದ್ದು, ಆ ದೇಶದ ವ್ಯಕ್ತಿ, ಅಲ್ಲಿನ ಭಾಷೆ. ಅಷ್ಟು ಓದಿ ಡಿಕ್ಷನರಿ ಮುಚ್ಚಿಬಿಡಬಹುದು. ಆದರೆ ಇಲ್ಲಿ ಅನುವಾದ ಮಾಡುವವರು ಜಾಸ್ತಿ ಇದ್ದೀರಿ, ಪತ್ರಿಕೆಗೆ ಬರೆಯುವವರೂ ಇದ್ದೀರಿ. ಡಿಕ್ಷನರಿಯಲ್ಲಿ ಇಷ್ಟು ಸಲೀಸಾಗಿ ಮುಗಿಯುವ ಪದಗಳೇ ಕೆಲಸಕ್ಕೆ ಕೂತಾಗ ಕೈಕೊಡುತ್ತವೆ ಅಂತ ನಿಮಗೆ ಬೇರೆ ಹೇಳಬೇಕಾಗಿಲ್ಲ.

ಮೊದಲು ಇಂಗ್ಲಿಷಿನ ಅಭ್ಯಾಸ ನೋಡೋಣ. ಎಸ್ಟೋನಿಯದ ನೆರೆಹೊರೆಯವರಲ್ಲಿ ಕೆಲವರನ್ನು ಇಂಗ್ಲಿಷ್ ಎರಡೆರಡು ಪದಗಳಲ್ಲಿ ಕರೆಯುತ್ತದೆ. ಸ್ವೀಡನ್ನಿನವನು ಸ್ವೀಡ್, ಭಾಷೆ ಸ್ವೀಡಿಷ್. ಫಿನ್‌ಲ್ಯಾಂಡಿನವನು ಫಿನ್, ಭಾಷೆ ಫಿನ್ನಿಷ್. ಡೆನ್ಮಾರ್ಕಿನವನು ಡೇನ್, ಭಾಷೆ ಡೇನಿಷ್. ಎಸ್ಟೋನಿಯದವರಿಗೂ ಹಿಂದೆ ‘ಎಸ್ತ್’ ಎಂಬ ಚಿಕ್ಕ ಹೆಸರು ಇಂಗ್ಲಿಷಿನಲ್ಲಿ ಇತ್ತು. ಹಳೆಯ ಪುಸ್ತಕಗಳಲ್ಲಿ ಈಗಲೂ ಕಣ್ಣಿಗೆ ಬೀಳುತ್ತದೆ. ದೇಶದ ಹೆಸರಿನಲ್ಲೂ ಟಿ ಆದಮೇಲೆ ಒಂದು ಎಚ್ ಹಾಕುತ್ತಿದ್ದರು. 1920ರ ದಶಕದ ಬರಹಗಳಲ್ಲೂ ಆ ಎಚ್ ಇದೆ. ಕಾಲ ಕಳೆದಂತೆ ಎಚ್ ಹೋಯಿತು, ಎಸ್ತ್ ಕೂಡ ಹೋಯಿತು. ಎಲ್ಲ ಕೆಲಸವೂ ಎಸ್ಟೋನಿಯನ್ ಎಂಬ ಒಂದೇ ಪದದ ತಲೆಗೆ ಬಿತ್ತು.

ಇದರಿಂದ ಏನಾಗುತ್ತದೆ? ಎಸ್ಟೋನಿಯನ್ ಟೀಚರ್ ಅಂತ ಒಂದು ಇಂಗ್ಲಿಷ್ ವಾಕ್ಯದಲ್ಲಿ ಬಂತು ಅಂದುಕೊಳ್ಳಿ. ಆ ದೇಶದಿಂದ ಬಂದು ಗಣಿತ ಕಲಿಸುವವರಾಗಿರಬಹುದು. ಕೇರಳದಲ್ಲಿ ಹುಟ್ಟಿ ಆ ಭಾಷೆ ಕಲಿಸುವವರೂ ಆಗಿರಬಹುದು. ಬಾಯಲ್ಲಿ ಹೇಳುವಾಗ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಗೊತ್ತಾಗುತ್ತದೆ. ಬರಹದಲ್ಲಿ ಒತ್ತು ಕಾಣಿಸುವುದಿಲ್ಲ. ಹಿಂದಿನ ಮುಂದಿನ ಸಾಲು ನೋಡಿ ಊಹಿಸಬೇಕು.

ಇದೊಂದು ಸಣ್ಣ ತೊಡಕು, ಬಿಡಿ. ದೊಡ್ಡ ತೊಡಕು ‘ವ್ಯಕ್ತಿ’ ಎಂಬ ಅರ್ಥದಲ್ಲಿದೆ. ನಮ್ಮಲ್ಲಿ ಕನ್ನಡಿಗ ಅನ್ನುವುದು ಬೇರೆ, ಕರ್ನಾಟಕದವರು ಅನ್ನುವುದು ಬೇರೆ ಅಲ್ವಾ? ಬೆಳಗಾವಿಯಲ್ಲಿದ್ದು ಮನೆಯಲ್ಲಿ ಮರಾಠಿ ಆಡುವವರು ಕರ್ನಾಟಕದವರು. ಮುಂಬೈಯಲ್ಲೇ ಹುಟ್ಟಿ ಬೆಳೆದು ಮನೆಯಲ್ಲಿ ಕನ್ನಡ ಆಡುವವರು ಕನ್ನಡಿಗರು. ಇಬ್ಬರಿಗೂ ಒಂದೇ ಹೆಸರಿಟ್ಟರೆ ಎರಡೂ ಕಡೆ ಜಗಳ. ಇಂಗ್ಲಿಷ್ ಎಸ್ಟೋನಿಯದವರಿಗೆ ಮಾಡಿರುವುದು ಅದನ್ನೇ.

ಅವರ ಭಾಷೆಯಲ್ಲಿ ಎರಡು ಪದ ಇವೆ. ದೇಶಕ್ಕೆ ಅವರು ಹೇಳುವುದು ‘ಏಸ್ತಿ’. ಆ ಜನಾಂಗಕ್ಕೆ, ಆ ಭಾಷೆಗೆ ಸೇರಿದವರು ‘ಏಸ್ತ್‌ಲನೆ’. ಆ ನೆಲದಲ್ಲಿ ಬದುಕುವವರು, ಮನೆಮಾತು ರಷ್ಯನ್ನೋ ಉಕ್ರೇನಿಯನ್ನೋ ಏನೇ ಇರಲಿ, ‘ಏಸ್ತಿಮಾಲನೆ’. ನಡುವೆ ಸೇರಿರುವ ‘ಮಾ’ ಅಂದರೆ ನೆಲ, ನಾಡು. ಆ ಒಂದಕ್ಷರ ಇದೆಯೋ ಇಲ್ಲವೋ ಅನ್ನುವುದರಲ್ಲಿ ಅಲ್ಲಿನ ಅರ್ಧ ರಾಜಕೀಯ ಇದೆ. ದೇಶದ ಜನಸಂಖ್ಯೆ ಸುಮಾರು 13 ಲಕ್ಷ 70 ಸಾವಿರ. ಅದರಲ್ಲಿ ಏಸ್ತ್‌ಲನೆ ಅನ್ನಿಸಿಕೊಳ್ಳುವವರು ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿ. ಉಳಿದವರೂ ಏಸ್ತಿಮಾಲನೆ. ಇಂಗ್ಲಿಷಿಗೆ ಬಂದ ತಕ್ಷಣ ಈ ಎರಡೂ ಗುಂಪಿಗೆ ಒಂದೇ ಚೀಟಿ.

ತಮಾಷೆ ಏನೆಂದರೆ, ಈ ‘ಏಸ್ತಿ’ ಕೂಡ ಅವರು ತಾವೇ ಇಟ್ಟುಕೊಂಡ ಹೆಸರಲ್ಲ. ಕ್ರಿ.ಶ. 98ರ ಹೊತ್ತಿಗೆ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬಾಲ್ಟಿಕ್ ಕಡಲ ದಂಡೆಯಲ್ಲಿ ‘ಏಸ್ತಿ’ ಎಂಬ ಜನ ಇದ್ದಾರೆ, ಕಡಲಿನಿಂದ ಅಂಬರ್ (ಕಲ್ಲಾದ ಮರದಂಟು) ಆರಿಸುತ್ತಾರೆ, ಅದಕ್ಕೆ ‘ಗ್ಲೇಸಮ್’ ಅನ್ನುತ್ತಾರೆ ಎಂದು ಬರೆದ. ಅವರ ಮಾತು ಬ್ರಿಟನ್ನಿನವರ ಮಾತಿಗೆ ಹತ್ತಿರ ಅಂತಲೂ ಸೇರಿಸಿದ. ಆತ ಹೇಳಿದ್ದು ಬಹುಶಃ ಇನ್ನೂ ದಕ್ಷಿಣಕ್ಕಿದ್ದ, ಹಳೆಯ ಪ್ರಷ್ಯನ್ನರಂಥ ಬಾಲ್ಟಿಕ್ ಜನರ ಬಗ್ಗೆ ಎಂದು ವಿದ್ವಾಂಸರು ಹೇಳುತ್ತಾರೆ. ಹೆಸರು ಮಾತ್ರ ನಿಧಾನಕ್ಕೆ ಉತ್ತರಕ್ಕೆ ಸರಿಯಿತು. ವೈಕಿಂಗರ ಕಾಲದ ಬರಹಗಳಲ್ಲಿ ಐಸ್ಟ್‌ಲ್ಯಾಂಡ್, ಜರ್ಮನ್ನರ ಬಾಯಲ್ಲಿ ಎಸ್ಟ್‌ಲ್ಯಾಂಡ್, ಲ್ಯಾಟಿನ್ನಿನಲ್ಲಿ ಎಸ್ಟೋನಿಯಾ. ಯಾರಿಗೋ ಬರೆದ ಕಾಗದ ಇನ್ಯಾರದೋ ಮನೆ ಸೇರಿ ಅಲ್ಲೇ ಉಳಿದುಬಿಟ್ಟಿತು.

ಹಾಗಾದರೆ ಅವರು ತಮ್ಮನ್ನು ಏನಂತ ಕರೆದುಕೊಳ್ಳುತ್ತಿದ್ದರು? ‘ಮಾರಹ್ವಸ್’. ಅಂದರೆ ನಾಡಿನ ಜನ. ಹಳ್ಳಿಯವರು ಅಂತಲೂ ಆಗುತ್ತದೆ. ಭಾಷೆಗೆ ‘ಮಾಕೇಲ್’, ನಾಡಿನ ಮಾತು. ಬೇರೆ ಹೆಸರು ಅವರಿಗೆ ಬೇಕಾಗಿರಲಿಲ್ಲ. ಪೇಟೆಯಲ್ಲಿ, ಚರ್ಚಿನಲ್ಲಿ, ಜಮೀನಿನ ಯಜಮಾನಿಕೆಯಲ್ಲಿ ಇದ್ದವರೆಲ್ಲ ಜರ್ಮನ್ನರು. ಹದಿಮೂರನೇ ಶತಮಾನದಲ್ಲಿ ಕತ್ತಿ ಹಿಡಿದು ಬಂದವರು. ಮುಂದೆ ಆಳುವ ರಾಜ ಡೆನ್ಮಾರ್ಕಿನವನಾಗಲಿ, ಸ್ವೀಡನ್ನಿನವನಾಗಲಿ, ರಷ್ಯದವನಾಗಲಿ, ಊರಿನ ಧಣಿ ಜರ್ಮನ್ನನೇ. ಜರ್ಮನ್ ಎಂಬುದಕ್ಕೆ ಅವರ ಭಾಷೆಯಲ್ಲಿ ಹಿಂದೆ ‘ಸಕ್ಸ್’ ಅನ್ನುತ್ತಿದ್ದರು. ಅದೇ ಪದಕ್ಕೆ ಧಣಿ, ದೊಡ್ಡ ಮನುಷ್ಯ ಎಂಬ ಅರ್ಥವೂ ಇದೆ. ಜನಾಂಗದ ಹೆಸರೂ ಅಂತಸ್ತಿನ ಹೆಸರೂ ಒಂದೇ ಆದ ಮೇಲೆ ಅಲ್ಲಿ ಏನು ನಡೆದಿರಬಹುದು ಅಂತ ನೀವೇ ಊಹಿಸಿ.

ನಡೆದದ್ದು ಇದು. ಸ್ವಲ್ಪ ಓದಿ ಪೇಟೆ ಸೇರಿದವನು ಜರ್ಮನ್ ಆಡತೊಡಗುತ್ತಿದ್ದ. ಮಕ್ಕಳ ಕಾಲಕ್ಕೆ ಪೂರ್ತಿ ಜರ್ಮನ್ ಆಗಿಬಿಡುತ್ತಿದ್ದರು. ಅಂದರೆ ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೆ ‘ಓದಿದ ಎಸ್ಟೋನಿಯನ್’ ಅನ್ನುವುದೇ ಒಂದು ವಿಚಿತ್ರ ಮಾತು. ಓದಿದ ಮೇಲೆ ಆತ ಎಸ್ಟೋನಿಯನ್ ಆಗಿ ಉಳಿಯುತ್ತಿರಲಿಲ್ಲ. ಹೀಗೆ ಅರ್ಧಂಬರ್ಧ ಜರ್ಮನ್ ಆಡಿಕೊಂಡು ಮೆರೆಯುವವರಿಗೆ ಹಳ್ಳಿಯವರು ಒಂದು ಹೆಸರಿಟ್ಟಿದ್ದರು: ‘ಕದಕಸಕ್ಸ್’. ಕದಕಸ್ ಅಂದರೆ ಜ್ಯೂನಿಪರ್ ಗಿಡ. ಬಂಜರು ನೆಲದಲ್ಲೂ ಬೆಳೆಯುವ ಮುಳ್ಳುಮುಳ್ಳು ಪೊದೆ. ಪೊದೆಯಿಂದ ಎದ್ದುಬಂದ ಧಣಿ ಅಂತ ಗೇಲಿ. ನಗಬೇಡಿ, ನಮ್ಮಲ್ಲೂ ಇಂಥವರಿಗೆ ಹೆಸರಿಡುವುದರಲ್ಲಿ ಯಾರೂ ಹಿಂದೆ ಬಿದ್ದಿಲ್ಲ.

1857 ಈ ಕತೆಯಲ್ಲಿ ದೊಡ್ಡ ವರ್ಷ. ನಮಗೆ ಬೇರೆ ಕಾರಣಕ್ಕೆ ನೆನಪಿರುವ ವರ್ಷ. ಆ ಕಡೆ ಪ್ಯಾರ್ನು ಎಂಬ ಕಡಲೂರಿನಲ್ಲಿ ಯೋಹಾನ್ ವೋಲ್ಡೆಮರ್ ಯಾನ್ಸೆನ್ ಎಂಬ ಶಾಲಾ ಮೇಷ್ಟ್ರು ಒಂದು ವಾರಪತ್ರಿಕೆ ಶುರು ಮಾಡಿದರು. ಹೆಸರು ಪೆರ್ನೊ ಪೋಸ್ಟಿಮೇಸ್. ಮೊದಲ ಸಂಚಿಕೆಯಲ್ಲಿ ಓದುಗರಿಗೆ ‘ಪ್ರೀತಿಯ ಏಸ್ತಿ ಜನರೇ’ ಎಂದು ನಮಸ್ಕಾರ ಹೇಳಿದರು. ‘ನಾಡಿನ ಜನರೇ’ ಅನ್ನಲಿಲ್ಲ. ಹೊರಗಿನವರ ಬಾಯಲ್ಲಿದ್ದ ಹೆಸರನ್ನು ಎತ್ತಿಕೊಂಡು ತಮ್ಮವರಿಗೇ ಇಟ್ಟು ಕರೆದರು. ಆ ಪದ ಅದಕ್ಕೆ ಮೊದಲು ಎಲ್ಲೂ ಬಂದೇ ಇರಲಿಲ್ಲ ಅಂತ ಅರ್ಥವಲ್ಲ. ಆದರೆ ಹಳ್ಳಿಹಳ್ಳಿಗೆ ಹೋಗುವ ಪತ್ರಿಕೆ ವಾರ ವಾರ ನಿಮ್ಮನ್ನು ಒಂದು ಹೆಸರಿನಿಂದ ಕರೆದರೆ ನೀವು ಓಗೊಡುತ್ತೀರಿ. ಇದೇ ಯಾನ್ಸೆನ್ 1869ರಲ್ಲಿ ಟಾರ್ಟು ಊರಿನಲ್ಲಿ ಮೊದಲ ಹಾಡುಹಬ್ಬ ನಡೆಸಿದರು. ಈಗಿನ ರಾಷ್ಟ್ರಗೀತೆಯ ಸಾಹಿತ್ಯವೂ ಅವರದ್ದೇ. ರಾಗ ಮಾತ್ರ ಫಿನ್‌ಲ್ಯಾಂಡಿನ ರಾಷ್ಟ್ರಗೀತೆಯದ್ದೇ ರಾಗ. ಎರಡು ದೇಶ ಆಟವಾಡುವಾಗ ಒಂದೇ ಧಾಟಿ ಎರಡು ಸಲ ಕೇಳಬೇಕು.

ನಾನು ಇಷ್ಟೆಲ್ಲ ಹೇಳಿದ್ದು ಸುಮ್ನೆ ಅಲ್ಲ. 1857ಕ್ಕೆ ಮೊದಲಿನ ಯಾರನ್ನಾದರೂ ಎಸ್ಟೋನಿಯನ್ ಅಂತ ಬರೆಯುವಾಗ ಎರಡು ಸಲ ಯೋಚಿಸಬೇಕು. ಆಮೇಲಿನವರನ್ನು ಬರೆಯುವಾಗ ನಕ್ಷೆಯನ್ನೂ ನೋಡಬೇಕು. ಯಾಕೆಂದರೆ ಆ ಕಾಲದ ಎಸ್ಟ್‌ಲ್ಯಾಂಡ್ ಅಂದರೆ ಈಗಿನ ದೇಶದ ಉತ್ತರದ ಅರ್ಧ ಮಾತ್ರ. ದಕ್ಷಿಣದ ಅರ್ಧ ಲಿವೋನಿಯಾ ಪ್ರಾಂತ್ಯದಲ್ಲಿತ್ತು, ಈಗಿನ ಲಾಟ್ವಿಯದ ಉತ್ತರ ಭಾಗದ ಜೊತೆ. ಎಸ್ಟೋನಿಯನ್ ಆಡುವ ನೆಲವೆಲ್ಲ ಒಂದೇ ಆಡಳಿತಕ್ಕೆ ಬಂದದ್ದು 1917ರಲ್ಲಿ. 1918ರ ಫೆಬ್ರವರಿ 24ಕ್ಕೆ ಸ್ವಾತಂತ್ರ್ಯ ಘೋಷಣೆ.

ನಮಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ವೇದದ ಕೆಲಸ ಮಾಡುವವರಿಗೆ ಲಿಯೋಪೋಲ್ಡ್ ಫಾನ್ ಶ್ರೋಡರ್ ಹೆಸರು ಗೊತ್ತಿರುತ್ತದೆ. ಕೃಷ್ಣ ಯಜುರ್ವೇದದ ಮೈತ್ರಾಯಣೀ ಸಂಹಿತೆಯನ್ನು ಸಂಪಾದಿಸಿ ಅಚ್ಚಿಗೆ ತಂದವರು. 1851ರಲ್ಲಿ ಡೋರ್ಪಾಟ್ ಊರಿನಲ್ಲಿ ಹುಟ್ಟಿದರು, ಅಲ್ಲೇ ಪಾಠ ಹೇಳಿದರು, ಕೊನೆಗೆ ವಿಯೆನ್ನಾಕ್ಕೆ ಹೋದರು. ಡೋರ್ಪಾಟ್ ಅಂದರೆ ಇವತ್ತಿನ ಟಾರ್ಟು, ಎಸ್ಟೋನಿಯದ ಎರಡನೇ ದೊಡ್ಡ ಊರು. ಹಾಗಂತ ‘ಎಸ್ಟೋನಿಯನ್ ವಿದ್ವಾಂಸ ಶ್ರೋಡರ್’ ಎಂದು ಬರೆಯಬಹುದೇ? ಮನೆಮಾತು ಜರ್ಮನ್. ಪ್ರಜೆ ರಷ್ಯದ ಚಕ್ರವರ್ತಿಗೆ. ಹುಟ್ಟಿದ ಪ್ರಾಂತ್ಯ ಲಿವೋನಿಯಾ. ಹೆಸರಿನಲ್ಲಾದರೂ ಎಸ್ಟ್‌ಲ್ಯಾಂಡ್ ಇದೆಯೇ ಅಂದರೆ ಅದೂ ಇಲ್ಲ! ಇಂಥವರನ್ನು ‘ಬಾಲ್ಟಿಕ್ ಜರ್ಮನ್’ ಅನ್ನುವುದು ರೂಢಿ. ಸಸ್ತನಿಗಳ ಅಂಡಾಣುವನ್ನು ಮೊದಲು ಕಂಡ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಕೂಡ ಬಾಲ್ಟಿಕ್ ಜರ್ಮನ್ನೇ. ಆದರೆ ಅವರು ಹುಟ್ಟಿದ್ದು ಉತ್ತರದ ಎಸ್ಟ್‌ಲ್ಯಾಂಡಿನಲ್ಲಿ. ಸ್ವತಂತ್ರ ಎಸ್ಟೋನಿಯಾ ತನ್ನ 2 ಕ್ರೂನ್ ನೋಟಿನ ಮೇಲೆ ಅವರ ಚಿತ್ರ ಹಾಕಿತ್ತು. ಭಾಷೆ ನೋಡಿದರೆ ಅವರವನಲ್ಲ, ನೆಲ ನೋಡಿದರೆ ಅವರವನೇ. ನೋಟು ಅಚ್ಚು ಹಾಕಿದವರು ನೆಲ ನೋಡಿದರು.

ಇನ್ನೊಬ್ಬರು ಲೂಯಿ ಕಾನ್. ಅಹಮದಾಬಾದಿನ ಐಐಎಂನ ಇಟ್ಟಿಗೆ ಕಟ್ಟಡಗಳನ್ನು ನೀವು ನೋಡಿರುತ್ತೀರಿ, ಗೋಡೆಯಲ್ಲಿ ದೊಡ್ಡ ದೊಡ್ಡ ವೃತ್ತಗಳು. ಅವುಗಳ ವಾಸ್ತುಶಿಲ್ಪಿ. 1974ರಲ್ಲಿ ಭಾರತದಿಂದ ವಾಪಸ್ ಹೋಗುತ್ತ ನ್ಯೂಯಾರ್ಕಿನ ರೈಲ್ವೆ ಸ್ಟೇಷನ್ನಿನಲ್ಲಿ ತೀರಿಕೊಂಡರು. ಬಾಲ್ಯ ಕಳೆದದ್ದು ಸಾರೆಮಾ ಎಂಬ ದ್ವೀಪದ ಕುರೆಸ್ಸಾರೆ ಊರಿನಲ್ಲಿ. ಯಹೂದಿ ಮನೆತನ. ಎಸ್ಟೋನಿಯಾ ಎಂಬ ದೇಶ ಹುಟ್ಟುವ ಹನ್ನೆರಡು ವರ್ಷ ಮೊದಲೇ, 1906ರಲ್ಲಿ, ಫಿಲಡೆಲ್ಫಿಯಾ ಸೇರಿದ್ದರು. ‘ಎಸ್ಟೋನಿಯನ್ ಮೂಲದ ಅಮೆರಿಕನ್’ ಎಂದು ಬರೆಯುವುದುಂಟು. ಮೂಲ ಅಂದ ಕೂಡಲೇ ಓದುವವರ ತಲೆಯಲ್ಲಿ ಜನಾಂಗ ಬರುತ್ತದೆ. ‘ಈಗಿನ ಎಸ್ಟೋನಿಯದಿಂದ ಹೋದ’ ಅಂದರೆ ಸಾಕಿತ್ತು.

ಇದಕ್ಕೆ ತದ್ವಿರುದ್ಧ ಒಬ್ಬರಿದ್ದಾರೆ. ತೋಮಸ್ ಹೆಂಡ್ರಿಕ್ ಇಲ್ವೆಸ್. 1953ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಬೆಳೆದವರು. 1944ರಲ್ಲಿ ಸೋವಿಯತ್ ಸೈನ್ಯ ಮತ್ತೆ ಬರುತ್ತದೆಂದು ಹತ್ತಾರು ಸಾವಿರ ಜನ ದೋಣಿ ಹತ್ತಿ ಹೊರಟುಹೋಗಿದ್ದರಲ್ಲ, ಅಂಥ ನಿರಾಶ್ರಿತರ ಮಕ್ಕಳ ಪೀಳಿಗೆ. ಅವರನ್ನು ಎಸ್ಟೋನಿಯನ್ ಅನ್ನಲು ಯಾರಿಗೂ ಅನುಮಾನ ಬರಲಿಲ್ಲ. 2006ರಿಂದ 2016ರವರೆಗೆ ಆ ದೇಶದ ಅಧ್ಯಕ್ಷರಾಗಿದ್ದರು.

ಚೆಸ್ ಆಡುವವರು ಯಾರಾದರೂ ಇದ್ದೀರಾ? ಪಾಲ್ ಕೆರೆಸ್ ನಿಮಗೆ ಗೊತ್ತು. 1930ರ ದಶಕದ ಒಲಿಂಪಿಯಾಡುಗಳಲ್ಲಿ ಎಸ್ಟೋನಿಯದ ಪರ ಮೊದಲ ಬೋರ್ಡಿನಲ್ಲಿ ಕೂತವರು. 1940ರಲ್ಲಿ ಸೋವಿಯತ್ ಒಕ್ಕೂಟ ಆ ದೇಶವನ್ನು ನುಂಗಿತು. 1952ರಿಂದ ಅದೇ ಕೆರೆಸ್ ಸೋವಿಯತ್ ತಂಡದಲ್ಲಿ ಆಡಿದರು. ಹಳೆಯ ಟೂರ್ನಿ ಪುಸ್ತಕಗಳಲ್ಲಿ ಅವರ ಹೆಸರಿನ ಮುಂದೆ ಯುಎಸ್‌ಎಸ್‌ಆರ್ ಅಂತ ಇರುತ್ತದೆ. ‘ರಷ್ಯನ್ ಆಟಗಾರ’ ಎಂದು ಬರೆದುಬಿಟ್ಟವರೂ ಇದ್ದಾರೆ. ಅದಂತೂ ಎಲ್ಲ ಲೆಕ್ಕದಲ್ಲೂ ತಪ್ಪು. ಸೋವಿಯತ್ ಅನ್ನಿ, ಎಸ್ಟೋನಿಯನ್ ಅನ್ನಿ, ಎರಡೂ ಸೇರಿಸಿ ಅನ್ನಿ. ರಷ್ಯನ್ ಮಾತ್ರ ಅನ್ನಬೇಡಿ.

ರಷ್ಯನ್ ಅಂದಾಗ ಇವತ್ತಿನ ಎಸ್ಟೋನಿಯಕ್ಕೆ ಬರಬೇಕಾಗುತ್ತದೆ. ಸೋವಿಯತ್ ಕಾಲದಲ್ಲಿ ಕಾರ್ಖಾನೆಗೆ, ಗಣಿಗೆ, ಸೈನ್ಯಕ್ಕೆ ಅಂತ ಲಕ್ಷಗಟ್ಟಲೆ ಜನ ಹೊರಗಿನಿಂದ ಬಂದರು. 1991ರ ಆಗಸ್ಟ್ 20ಕ್ಕೆ ಸ್ವಾತಂತ್ರ್ಯ ಮರಳಿತು. ಯಾರು ಪ್ರಜೆ ಅನ್ನುವ ಪ್ರಶ್ನೆ ಎದ್ದಿತು. 1940ರ ಮೊದಲು ಪ್ರಜೆಗಳಾಗಿದ್ದವರು, ಅವರ ಮಕ್ಕಳು ಮೊಮ್ಮಕ್ಕಳು ತಾನಾಗಿಯೇ ಪ್ರಜೆಗಳು. ಉಳಿದವರು ಭಾಷೆಯ ಪರೀಕ್ಷೆ ಬರೆದು ಪ್ರಜೆಯಾಗಬೇಕು. ಹೀಗಾಗಿ 1992ರಲ್ಲಿ ಜನಸಂಖ್ಯೆಯ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಯಾವ ದೇಶಕ್ಕೂ ಸೇರದೆ ಉಳಿಯಿತು. ಅವರಿಗೆ ಬೂದು ಬಣ್ಣದ ಪಾಸ್‌ಪೋರ್ಟ್ ಕೊಟ್ಟರು. ಈಗ ಅಂಥವರು ತುಂಬಾ ಕಡಿಮೆಯಾಗಿದ್ದಾರೆ. ಆದರೂ ಇದ್ದಾರೆ. ಗಡಿಯ ನಾರ್ವಾ ಊರಿನಲ್ಲಿ ಹತ್ತರಲ್ಲಿ ಒಂಬತ್ತು ಜನಕ್ಕೂ ಹೆಚ್ಚು ರಷ್ಯನ್ ಆಡುವವರು. ಅಲ್ಲೇ ಹುಟ್ಟಿ, ಅಲ್ಲೇ ಶಾಲೆ ಕಲಿತು, ಬೂದು ಪಾಸ್‌ಪೋರ್ಟ್ ಹಿಡಿದ ಒಬ್ಬಾಕೆಯನ್ನು ಇಂಗ್ಲಿಷ್ ಸುದ್ದಿಯೊಂದು ಎಸ್ಟೋನಿಯನ್ ಅಂದರೆ ಅದರ ಅರ್ಥ ಏನು? ಪ್ರಜೆ ಅಲ್ಲ. ಜನಾಂಗ ಅಲ್ಲ. ಮನೆಮಾತು ಅಲ್ಲ. ಏಸ್ತಿಮಾಲನೆ ಮಾತ್ರ ಹೌದು. ಆ ಪದ ಇಂಗ್ಲಿಷಿನಲ್ಲಿ ಇಲ್ಲ.

ಇದರ ಎದುರಿಗೆ ಇನ್ನೊಂದು ಇದೆ. 2014ರ ಡಿಸೆಂಬರಿನಿಂದ ಎಸ್ಟೋನಿಯಾ ಇ-ರೆಸಿಡೆನ್ಸಿ ಕೊಡಲು ಶುರುಮಾಡಿತು. ಒಂದು ಡಿಜಿಟಲ್ ಗುರುತಿನ ಕಾರ್ಡ್, ಅದರಲ್ಲಿ ಆನ್‌ಲೈನಿನಲ್ಲೇ ಕಂಪನಿ ತೆರೆಯಬಹುದು, ದಾಖಲೆಗಳಿಗೆ ಸಹಿ ಹಾಕಬಹುದು. ನಮ್ಮ ದೇಶದವರೂ ತೆಗೆದುಕೊಂಡಿದ್ದಾರೆ. ಕಾರ್ಡ್ ಸಿಕ್ಕಿದ ಖುಷಿಗೆ ‘ನಾನೀಗ ಎಸ್ಟೋನಿಯನ್’ ಅಂತ ಯಾರಾದರೂ ಹಾಕಿಕೊಂಡರೆ ನಕ್ಕು ಸುಮ್ಮನಾಗಿ. ಅದು ಪೌರತ್ವವೂ ಅಲ್ಲ, ವೀಸಾ ಕೂಡ ಅಲ್ಲ.

ಭಾಷೆಯ ಬಗ್ಗೆ ಈವರೆಗೆ ಜಾಸ್ತಿ ಹೇಳಲಿಲ್ಲ. ನನಗೆ ಹೆಚ್ಚು ಇಷ್ಟ ಇದೇ. ಎಸ್ಟೋನಿಯನ್ ಯುರೋಪಿನಲ್ಲೇ ಇದ್ದರೂ ಇಂಗ್ಲಿಷ್, ಜರ್ಮನ್, ರಷ್ಯನ್ ಭಾಷೆಗಳ ಕುಟುಂಬದ್ದಲ್ಲ. ಪಕ್ಕದ ಲಾಟ್ವಿಯನ್ನಿಗೂ ನಂಟಲ್ಲ. ಫಿನ್ನಿಷ್ ಹತ್ತಿರದ ನಂಟು, ಹಂಗೇರಿಯನ್ ದೂರದ ನಂಟು. ವಿಭಕ್ತಿಗಳು 14. ಗಾಬರಿ ಬೇಡ, ಕನ್ನಡದವರಿಗೆ ಇದು ಪರಿಚಿತ ದಾರಿ. ಮನೆ ಅಂದರೆ ‘ಮಯ’. ಮನೆಯಲ್ಲಿ, ‘ಮಯಸ್’. ಮನೆಯಿಂದ, ‘ಮಯಸ್ತ್’. ಮನೆ ಇಲ್ಲದೆ, ‘ಮಯತ’. ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತ ಹೋಗುವುದು. ಈ ಹೋಲಿಕೆ ನೋಡಿಯೇ ರಾಬರ್ಟ್ ಕಾಲ್ಡ್‌ವೆಲ್ 1856ರ ತಮ್ಮ ದ್ರಾವಿಡ ವ್ಯಾಕರಣದಲ್ಲಿ ನಮ್ಮ ಭಾಷೆಗಳಿಗೂ ಫಿನ್ನಿಷ್ ಬಳಗಕ್ಕೂ ಸಂಬಂಧ ಇದೆ ಎಂದು ವಾದಿಸಿದ್ದರು. ಇವತ್ತು ಭಾಷಾಶಾಸ್ತ್ರದಲ್ಲಿ ಅದನ್ನು ಒಪ್ಪುವುದಿಲ್ಲ. ಅಂಟಿಸುವ ಅಭ್ಯಾಸ ಒಂದೇ ಆದ ಮಾತ್ರಕ್ಕೆ ನಂಟಸ್ತಿಕೆ ಆಗುವುದಿಲ್ಲ.

ಉಚ್ಚಾರದಲ್ಲಿ ಒಂದು ವಿಶೇಷ ಇದೆ. ಶಾಲೆಯಲ್ಲಿ ಹ್ರಸ್ವ, ದೀರ್ಘ, ಪ್ಲುತ ಅಂತ ಬಾಯಿಪಾಠ ಮಾಡಿದ್ದೆವು ಅಲ್ವಾ? ಪ್ಲುತ ನಮಗೆ ದೂರದಿಂದ ಕೂಗುವುದಕ್ಕೆ, ಹಾಡುವುದಕ್ಕೆ ಮಾತ್ರ. ಅರ್ಥ ಬದಲಾಗುವುದಿಲ್ಲ. ಅವರಲ್ಲಿ ಬದಲಾಗುತ್ತದೆ. ‘ಸದ’ ಅಂದರೆ ನೂರು. ‘ಸಾದ’ ಅಂದರೆ ಕಳಿಸು. ಅದನ್ನೇ ಇನ್ನೂ ಎಳೆದು ‘ಸಾಽಽದ’ ಅಂದರೆ ಪಡೆಯುವುದು. ಬರೆಯುವಾಗ ಎರಡನೆಯದಕ್ಕೂ ಮೂರನೆಯದಕ್ಕೂ ಒಂದೇ ಕಾಗುಣಿತ. ಕಳಿಸು ಅನ್ನುವುದಕ್ಕೂ ಪಡೆ ಅನ್ನುವುದಕ್ಕೂ ನಡುವೆ ಇರುವುದು ಅರ್ಧ ಉಸಿರು.

ಅನುವಾದಕರಿಗೆ ಒಂದು ಕಿವಿಮಾತು. ಆ ಭಾಷೆಯಲ್ಲಿ ಅವನು, ಅವಳು ಎಂಬ ಭೇದ ಇಲ್ಲ. ಇಬ್ಬರಿಗೂ ‘ತ’. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತರುವಾಗ ನೀವು ಬರೆಯುವ ಅವನು, ಅವಳು ಮೂಲ ಲೇಖಕರದ್ದಲ್ಲ, ಇಂಗ್ಲಿಷ್ ಅನುವಾದಕರ ತೀರ್ಮಾನ. ಕವಿತೆಯಾದರೆ ಕೇಳಿ ತಿಳಿದುಕೊಳ್ಳಿ. ಕವಿ ಬೇಕೆಂದೇ ಮುಚ್ಚಿಟ್ಟಿದ್ದನ್ನು ನಾವು ತೆರೆದುಬಿಡಬಾರದು.

ಭಾಷೆ ಎಂಬ ಅರ್ಥದಲ್ಲೂ ಜಗಳ ಇದೆ. ದೇಶದ ಆಗ್ನೇಯ ಮೂಲೆಯಲ್ಲಿ ವೋರೊ, ಸೆತೊ ಮಾತುಗಳಿವೆ. ಉಪಭಾಷೆ ಅನ್ನುವವರಿದ್ದಾರೆ, ಬೇರೆಯೇ ಭಾಷೆ ಅನ್ನುವವರಿದ್ದಾರೆ. ಭಾಷೆಗಳಿಗೆ ಮೂರಕ್ಷರದ ಸಂಕೇತ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎಸ್ಟೋನಿಯನ್ ಒಂದು ಕೊಡೆ. ಅದರ ಕೆಳಗೆ ಶಿಷ್ಟ ಎಸ್ಟೋನಿಯನ್ನಿಗೆ ಒಂದು, ವೋರೊಗೆ ಒಂದು ಸಂಕೇತ.

ಕನ್ನಡದಲ್ಲಿ ಹೇಗೆ ಬರೆಯೋಣ? ನನ್ನ ಅಭ್ಯಾಸ ಹೇಳುತ್ತೇನೆ, ಒಪ್ಪಿಗೆಯಾದರೆ ತೆಗೆದುಕೊಳ್ಳಿ. ದೇಶಕ್ಕೆ ಸಂಬಂಧಿಸಿದ್ದಾದರೆ ‘ಎಸ್ಟೋನಿಯದ’: ಎಸ್ಟೋನಿಯದ ಸರ್ಕಾರ, ಎಸ್ಟೋನಿಯದ ಕಂಪನಿ. ಅಲ್ಲಿ ಇರುವವರೆಲ್ಲ ‘ಎಸ್ಟೋನಿಯದವರು’. ಜನಾಂಗ ಅಂತ ಖಚಿತವಾಗಿ ಗೊತ್ತಿದ್ದರೆ ಮಾತ್ರ ‘ಎಸ್ಟೋನಿಯನ್ನರು’. ಭಾಷೆಗೆ ‘ಎಸ್ಟೋನಿಯನ್’. ನಮ್ಮ ಷಷ್ಠಿ ವಿಭಕ್ತಿ ಇರುವಾಗ ಇಂಗ್ಲಿಷಿನ ಗೊಂದಲವನ್ನು ನಾವ್ಯಾಕೆ ಹೊತ್ತುಕೊಳ್ಳಬೇಕು? ಟ ಬೇಕೋ ತ ಬೇಕೋ ಅಂತ ಆಗಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಅವರ ಉಚ್ಚಾರ ತ ಕಡೆಗೇ ಇದೆ. ಆದರೆ ನಮ್ಮ ಪತ್ರಿಕೆಗಳಲ್ಲಿ ಟ ಓಡಾಡಿಕೊಂಡಿದೆ, ಇರಲಿ ಬಿಡಿ.

ಇನ್ನೊಂದು ಚೀಟಿಯಲ್ಲಿ, ಅವರು ನಮ್ಮನ್ನು ಏನಂತ ಕರೆಯುತ್ತಾರೆ ಎಂದು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಇಂಗ್ಲಿಷಿನ ಇಂಡಿಯನ್ ನಮಗೂ ಆಗುತ್ತದೆ, ಅಮೆರಿಕದ ಮೂಲನಿವಾಸಿಗಳಿಗೂ ಆಗುತ್ತದೆ. ಎಸ್ಟೋನಿಯನ್ನಿನಲ್ಲಿ ಆ ಗೋಜಿಲ್ಲ. ನಾವು ‘ಇಂಡಿಯಲನೆ’, ಅವರು ‘ಇಂಡಿಯಾನ್‌ಲನೆ’. ಕನ್ನಡಕ್ಕೆ ‘ಕನ್ನಡ ಕೇಲ್’ ಅನ್ನುತ್ತಾರೆ, ಕನ್ನಡ ಭಾಷೆ ಅಂತ. ಕೆನಡಾ ದೇಶಕ್ಕೆ ಅವರ ಮಾತಿನಲ್ಲಿ ‘ಕನಡ’. ಅಲ್ಲಿಗೆ ಹೋದಾಗ ನ ಒತ್ತನ್ನು ಗಟ್ಟಿಯಾಗಿ ಹೇಳಿ. ಇಲ್ಲದಿದ್ದರೆ ಟೊರಾಂಟೊದಲ್ಲಿ ಈಗ ಚಳಿ ಎಷ್ಟಿದೆ ಅಂತ ವಿಚಾರಿಸುತ್ತಾರೆ.